ಅವಧಾನವೇ ಪಾಠ: ಮಲಪ್ರಭೆಯ ಸೀಮೆಯಲ್ಲಿ ಯೋಗ, ಧ್ಯಾನ ಮತ್ತು ಕಲೆಗಳ ಬಾಲಶಿಕ್ಷಣ

ಎಳೆಯ ಮಕ್ಕಳಿಗೆ ಯೋಗಾಸನ, ಮನಸ್ಸಿನ ಎಚ್ಚರದ ಅಭ್ಯಾಸ ಮತ್ತು ಚಿತ್ರ-ಸಂಗೀತಾದಿ ಕಲೆಗಳನ್ನು ಒಂದೇ ತರಗತಿಯಲ್ಲಿ ಕೂಡಿಸಿ ಕಲಿಸಬೇಕೆಂಬ ಮಾತು ಇತ್ತೀಚಿನ ವರುಷಗಳಲ್ಲಿ ಎಲ್ಲೆಡೆ ಕೇಳಿಬರುತ್ತಿದೆ. ಇದು ಪಶ್ಚಿಮ ದೇಶಗಳಿಂದ ಬಂದ ಹೊಸ ಪದ್ಧತಿಯೆಂದು ಕೆಲವರು ಸಂಭ್ರಮಿಸುತ್ತಾರೆ. ಇದರಲ್ಲಿ ಹೊಸತೇನೂ ಇಲ್ಲ, ಎಲ್ಲವೂ ನಮ್ಮ ಹಿರಿಯರಲ್ಲಿಯೇ ಇತ್ತೆಂದು ಮತ್ತೆ ಕೆಲವರು ಕೈತೊಳೆದುಕೊಳ್ಳುತ್ತಾರೆ. ಈ ಎರಡು ಅಭಿಪ್ರಾಯಗಳೂ ಅವಸರದವು. ನಮ್ಮಲ್ಲಿ ಏನಿತ್ತು, ಅದು ಹೇಗೆ ಒಡೆದು ಬೇರೆ ಬೇರೆಯಾಯಿತು, ಯಾರು ಅದನ್ನು ಮತ್ತೆ ಕೂಡಿಸಿದರು, ಆ ಕೂಟದಿಂದ ಯಾವ ಮಕ್ಕಳು ಹೊರಗುಳಿದರು ಎಂಬುದನ್ನು ವಿಚಾರಿಸದೆ ತೀರ್ಪು ಕೊಡುವುದು ಉಚಿತವಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯನ್ನು ಕೇಂದ್ರವಾಗಿಟ್ಟುಕೊಂಡು ಈ ವಿಚಾರವನ್ನು ಸುಜ್ಞ ವಾಚಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಯನ್ನು ಒಂದಾಗಿ ನೋಡಲು ಕಾರಣವಿದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ, ಬಸವಣ್ಣನವರ ಮಡದಿ ಗಂಗಾಂಬಿಕೆಯವರ ಐಕ್ಯಸ್ಥಳವೆಂದು ಭಕ್ತರು ನಂಬುವ ಎಂ. ಕೆ. ಹುಬ್ಬಳ್ಳಿಯನ್ನು ಬಳಸಿ ಬೈಲಹೊಂಗಲದ ನೆಲವನ್ನು ಹಾಯ್ದು, ಸವದತ್ತಿಯ ನವಿಲುತೀರ್ಥದಲ್ಲಿ ಕಟ್ಟೆಗೆ ನಿಂತು, ರಾಮದುರ್ಗವನ್ನು ದಾಟಿ ಬಾದಾಮಿಯ ಕಡೆಗೆ ಹರಿಯುತ್ತದೆ. ಕಡೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಇದೇ ನದಿಯ ದಂಡೆಯ ಮೇಲೆ, ಬಾದಾಮಿಯ ಸಮೀಪದಲ್ಲಿ, ನಾವು ಮುಂದೆ ವಿವರಿಸಲಿರುವ ಶ್ರೀಮದ್ವೀರಶೈವ ಶಿವಯೋಗಮಂದಿರವೂ ಇದೆ. ಈ ನೀರಿನ ದಾರಿಯೇ ನಮ್ಮ ವಿಷಯದ ದಾರಿಯೂ ಹೌದು.

ಹಳೆಯ ಕಾಲದ ನಮ್ಮ ಹಳ್ಳಿಗಳಲ್ಲಿ ಬಾಲಕನ ಶಿಕ್ಷಣಕ್ಕೆ ಮೂರು ಎಡೆಗಳಿದ್ದವು. ಮೊದಲನೆಯದು ಗರಡಿಮನೆ. ಕೆಂಪುಮಣ್ಣಿನಲ್ಲಿ ಸಾಮು ಮಾಡಿ, ಉಸಿರು ಹಿಡಿದು ಬಿಟ್ಟು, ಮೈಯನ್ನು ಮಾತು ಕೇಳುವಂತೆ ಮಾಡಿಕೊಳ್ಳುವ ವಿದ್ಯೆ ಅಲ್ಲಿಯದು. ೧೮೨೪ರಲ್ಲಿ ಕಂಪನಿಯ ದಂಡನ್ನು ಎದುರಿಸಿದ ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ, ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನ ಸಂಗೊಳ್ಳಿಯಲ್ಲಿ ಈ ವಿದ್ಯೆಗೆ ಇದ್ದ ಗೌರವವನ್ನು ಬೇರೆ ಹೇಳಬೇಕಾಗಿಲ್ಲ. ಎರಡನೆಯದು ಮಠ. ಕಣ್ಣು, ಕಿವಿ, ನಾಲಗೆಗಳನ್ನು ಒಂದೆಡೆ ನಿಲ್ಲಿಸುವ ಅಭ್ಯಾಸಕ್ಕೆ ಅದು ತಾಣವಾಗಿತ್ತು. ಮೂರನೆಯದು ಮನೆಯ ಅಂಗಳ ಮತ್ತು ಊರ ಬಯಲು. ತಾಯಿ ಹಾಕುವ ರಂಗೋಲಿಯ ಚುಕ್ಕೆಗಳನ್ನು ಎಣಿಸುವುದು, ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣನ್ನು ಹದಗೊಳಿಸಿ ಎತ್ತು ಮಾಡುವುದು, ರಾತ್ರಿಯಿಡೀ ಬಯಲಾಟದ ಮದ್ದಳೆಗೆ ಕಿವಿಗೊಟ್ಟು ಕೂಡುವುದು ಅಲ್ಲಿಯ ಪಾಠಗಳು. ದೇಹ, ಚಿತ್ತ, ಕಲೆ ಎಂಬ ಮೂರೂ ಹೀಗೆ ಒಂದು ಕೂಗಳತೆಯ ಅಂತರದಲ್ಲಿದ್ದವು. ಮಗು ಒಂದೇ ದಿನದಲ್ಲಿ ಮೂರರಲ್ಲಿಯೂ ಓಡಾಡುತ್ತಿತ್ತು.

ಗಾಂವಠಿ ಶಾಲೆಯೆಂದು ಕರೆಯಿಸಿಕೊಂಡ ಹಳೆಯ ಮಠದ ಶಾಲೆಯಲ್ಲಿ ಅಕ್ಷರಾಭ್ಯಾಸವೇ ಈ ಮೂರರ ಕೂಟವಾಗಿತ್ತು. ಹುಡುಗನು ನೆಲದ ಮೇಲೆ ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ ಕೂಡಬೇಕು. ಮುಂದೆ ಹರವಿದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತೀಡಬೇಕು. ತೀಡುವಾಗ ಅದನ್ನು ರಾಗವಾಗಿ ಉಚ್ಚರಿಸಬೇಕು. ಕೂಡುವುದು ಆಸನ, ಉಚ್ಚರಿಸುವುದು ಉಸಿರಿನ ನಿಯಮ, ತೀಡುವುದು ಚಿತ್ರ. ಮೊದಲ ಪಾಠಕ್ಕೆ 'ಓನಾಮ' ಎಂಬ ಹೆಸರು ಬಂದುದು ಓಂಕಾರಪೂರ್ವಕವಾದ ನಮಸ್ಕಾರದಿಂದ. ಅದನ್ನು ಶಿವನಮನವೆಂದು ನಾವು ತಿಳಿದಿದ್ದೇವೆ. ಅದರ ಮೂಲವನ್ನು ಜೈನರ ಸಿದ್ಧನಮನದಲ್ಲಿ ಕಾಣುವ ವಿದ್ವಾಂಸರೂ ಇದ್ದಾರೆ. ಸುಗಂಧವರ್ತಿಯೆನಿಸಿದ್ದ ಸವದತ್ತಿಯಿಂದ ಆಳಿದ ರಟ್ಟರು ಜೈನ ಬಸದಿಗಳಿಗೆ ದತ್ತಿ ಬಿಟ್ಟವರು. ಸಮೀಪದ ಹೂಲಿ ವೈದಿಕ ಮಹಾಜನರ ವಿದ್ಯಾಸ್ಥಾನವಾಗಿತ್ತು. ಹಲವು ಮತಗಳ ಪಾಠಕ್ರಮ ಈ ಮಣ್ಣಿನಲ್ಲಿ ಬೆರೆತು ಹೋಗಿರುವಾಗ, ಇದೆಲ್ಲವೂ ನಮ್ಮದೊಂದೇ ಮತದ ಸೊತ್ತೆಂದು ಹೇಳುವುದು ಸತ್ಯಕ್ಕೆ ಸಮೀಪವಾಗಲಾರದು.

ಹಾಗೆಂದು ಆ ಶಾಲೆಯನ್ನು ಸ್ವರ್ಗವೆಂದು ಬಣ್ಣಿಸುವುದೂ ತಪ್ಪು. ತಪ್ಪಿದ ಹುಡುಗನನ್ನು ಜಂತಿಗೆ ಕಟ್ಟಿದ ಹಗ್ಗಕ್ಕೆ ತೂಗಹಾಕುವ ಕೋದಂಡದ ಶಿಕ್ಷೆ ಅಲ್ಲಿತ್ತು. ಭಯದಿಂದ ನಿಂತ ಚಿತ್ತವನ್ನು ಏಕಾಗ್ರತೆಯೆಂದು ಕರೆಯಲಾಗದು. ಹೆಣ್ಣುಮಕ್ಕಳಿಗೆ ಆ ಶಾಲೆಯ ಬಾಗಿಲು ತೆರೆದಿದ್ದುದು ಅಪರೂಪ. ಊರ ಹೊರಗಿನ ಕೇರಿಗಳ ಮಕ್ಕಳಿಗಂತೂ ತೆರೆದಿರಲಿಲ್ಲ.

ಇಲ್ಲಿ ಹನ್ನೆರಡನೆಯ ಶತಮಾನದ ಶರಣರ ವಿಚಾರವನ್ನು ನೆನೆಯಬೇಕು. ಇಂದು ಲೋಕವೆಲ್ಲ ಮೆಚ್ಚಿರುವ ಮನಸ್ಸಿನ ಎಚ್ಚರಕ್ಕೆ ಷಟ್‌ಸ್ಥಲಶಾಸ್ತ್ರದಲ್ಲಿ ಸ್ಪಷ್ಟವಾದ ಹೆಸರೂ ನೆಲೆಯೂ ಉಂಟು. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ, ಪ್ರಾಣಲಿಂಗಿಗೆ ಅನುಭಾವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ ಎಂದು ಭಕ್ತಿ ಆರು ತೆರನಾಗಿದೆ. ಇವುಗಳಲ್ಲಿ ಮೂರನೆಯದಾದ ಅವಧಾನಭಕ್ತಿಯು ಪ್ರಸಾದಿಸ್ಥಲಕ್ಕೆ ಸಲ್ಲುವುದೆಂಬುದು ಗಮನಾರ್ಹ. ಕಣ್ಣು ಮುಚ್ಚಿ ಗುಹೆಯಲ್ಲಿ ಕುಳಿತವನಿಗೆ ಮಾತ್ರ ಸಾಧ್ಯವಾದ ಸ್ಥಿತಿ ಇದಲ್ಲ. ಉಣ್ಣುವಾಗ, ಕಾಣುವಾಗ, ಕೇಳುವಾಗ, ಮುಟ್ಟುವಾಗ, ಇಂದ್ರಿಯಗಳ ಬಾಗಿಲಿಗೆ ಬಂದ ಪ್ರತಿಯೊಂದನ್ನೂ ಎಚ್ಚರದಿಂದ ಬರಮಾಡಿಕೊಳ್ಳುವ ಸ್ಥಿತಿ ಇದು. ಆದುದರಿಂದ ಇದು ಮಕ್ಕಳಿಗೆ ಹತ್ತಿರದ್ದು. ಮಗುವಿಗೆ ಅಮೂರ್ತ ಧ್ಯಾನ ಹತ್ತದು. ಕೈಯಲ್ಲಿ ಹಿಡಿದ ಪೇರಲಹಣ್ಣನ್ನು ಮೂಸಿ, ನೋಡಿ, ಮೆಲ್ಲನೆ ತಿನ್ನುವುದು ಹತ್ತುತ್ತದೆ.

ಇಷ್ಟಲಿಂಗಪೂಜೆಯ ರಚನೆಯನ್ನು ಶಿಕ್ಷಕನ ಕಣ್ಣಿನಿಂದ ನೋಡಿದರೂ ಇದೇ ತತ್ತ್ವ ತೋರುತ್ತದೆ. ಕುಳಿತ ಭಂಗಿ ಸ್ಥಿರವಾಗಬೇಕು, ಎಡಗೈಯ ಅಂಗೈ ಅಲುಗದಂತೆ ನಿಲ್ಲಬೇಕು, ಕಪ್ಪು ಕಾಂತಿಯ ಆ ಲಿಂಗದಲ್ಲಿ ದೃಷ್ಟಿ ನೆಡಬೇಕು, ಉಸಿರು ತಾನಾಗಿ ಸಣ್ಣದಾಗಬೇಕು, ಬಾಯಲ್ಲಿ ಮಂತ್ರವಿರಬೇಕು. ಹೂವಿನ ಬಣ್ಣ, ವಿಭೂತಿಯ ರೇಖೆ, ವಚನದ ರಾಗಗಳು ಅದರೊಡನೆ ಸೇರುತ್ತವೆ. ಯೋಗವೂ ಅವಧಾನವೂ ಕಲೆಯೂ ಒಂದು ಅಂಗೈಯಗಲದ ಜಾಗದಲ್ಲಿ ಸಂಧಿಸಿದುದು ಇಲ್ಲಿ. ಶರಣರು ಕಲೆಯನ್ನು ಸಾಧನೆಗೆ ಹೊರಗಿನದೆಂದು ಎಣಿಸಲಿಲ್ಲ. ಅಲ್ಲಮಪ್ರಭುವನ್ನು ಮದ್ದಳೆಯ ಜಾಣನೆಂದು ಚಾಮರಸನು ಚಿತ್ರಿಸಿದ್ದಾನೆ. ಕಿನ್ನರಿ ಬೊಮ್ಮಯ್ಯನ ಹೆಸರಿನಲ್ಲಿಯೇ ಅವನ ವಾದ್ಯವಿದೆ. ಮೇದಾರ ಕೇತಯ್ಯನೂ ನುಲಿಯ ಚಂದಯ್ಯನೂ ಕೈಕೆಲಸವನ್ನೇ ಕಾಯಕವಾಗಿಸಿಕೊಂಡವರು.

ಯೋಗದ ವಿಷಯದಲ್ಲಿ ಶರಣರು ಕೊಟ್ಟ ಒಂದು ಎಚ್ಚರಿಕೆಯೂ ಉಂಟು. ಹದಿನೈದನೆಯ ಶತಮಾನದ ಪ್ರಭುಲಿಂಗಲೀಲೆಯಲ್ಲಿಯೂ ಶೂನ್ಯಸಂಪಾದನೆಯಲ್ಲಿಯೂ ಬರುವ ಗೋರಕ್ಷನ ಪ್ರಸಂಗವನ್ನು ವಾಚಕರು ಬಲ್ಲರು. ಯೋಗಸಿದ್ಧಿಯಿಂದ ವಜ್ರಕಾಯನಾದ ಗೋರಕ್ಷನ ಮೈಗೆ ಖಡ್ಗ ತಗುಲಿದಾಗ ಲೋಹದ ಸದ್ದಾಯಿತು. ಅಲ್ಲಮನ ಮೇಲೆ ಬೀಸಿದ ಖಡ್ಗ ಬಯಲಲ್ಲಿ ಬೀಸಿದಂತೆ ಹಾಯ್ದುಹೋಯಿತು. ಮೈಯನ್ನು ಗಟ್ಟಿಮಾಡಿ ಮೆರೆಯುವುದು ಯೋಗದ ಗುರಿಯಲ್ಲವೆಂಬುದು ಇದರ ತಾತ್ಪರ್ಯ. ಚೆನ್ನಸದಾಶಿವಯೋಗಿಯ ಶಿವಯೋಗಪ್ರದೀಪಿಕೆಯಂಥ ಗ್ರಂಥವು ಹಠಯೋಗವನ್ನು ಒಪ್ಪಿಕೊಂಡರೂ ಅದನ್ನು ಶಿವಯೋಗಕ್ಕೆ ಸಾಧನವಾಗಿ ಇರಿಸುವುದು ಈ ವಿವೇಕದಿಂದಲೇ. ಈ ಮಾತಿಗೆ ನಾವು ಮತ್ತೆ ಬರಬೇಕಾಗಿದೆ.

ಮೂರು ಎಡೆಗಳು ಒಂದರಿಂದೊಂದು ದೂರವಾದುದು ಹತ್ತೊಂಬತ್ತನೆಯ ಶತಮಾನದಲ್ಲಿ. ೧೮೧೮ರಲ್ಲಿ ಪೇಶವೆಯರ ಆಳಿಕೆ ಮುಗಿದು, ೧೮೨೪ರ ಯುದ್ಧದ ತರುವಾಯ ಕಿತ್ತೂರೂ ಕಂಪನಿಯ ಕೈಸೇರಿತು. ಸೆರೆಯಲ್ಲಿದ್ದ ಚೆನ್ನಮ್ಮ ೧೮೨೯ರಲ್ಲಿ ಬೈಲಹೊಂಗಲದಲ್ಲಿ ದೇಹವಿಟ್ಟಳು. ೧೮೩೬ರಲ್ಲಿ ಬೆಳಗಾವಿ ಪ್ರತ್ಯೇಕ ಜಿಲ್ಲೆಯಾಯಿತು. ರಾಮದುರ್ಗ ಮಾತ್ರ ೧೯೪೮ರವರೆಗೆ ಭಾವೆ ಮನೆತನದ ಸಂಸ್ಥಾನವಾಗಿ ಉಳಿಯಿತು. ಮುಂಬಯಿ ಪ್ರಾಂತದ ಸರಕಾರಿ ಶಾಲೆಗಳು ಬಂದಾಗ ಈ ಕನ್ನಡ ಸೀಮೆಯ ಮಕ್ಕಳು ಮರಾಠಿಯಲ್ಲಿ ಕಲಿಯಬೇಕಾಯಿತು. ಕೂಡುವ ಭಂಗಿ ಬದಲಾಯಿತೆಂಬುದಕ್ಕಿಂತ ಉಚ್ಚರಿಸುವ ನುಡಿಯೇ ಪರಕೀಯವಾಯಿತೆಂಬುದು ದೊಡ್ಡ ನಷ್ಟ. ಡೆಪ್ಯುಟಿ ಚೆನ್ನಬಸಪ್ಪನವರು (೧೮೩೪-೧೮೮೧) ಪಟ್ಟುಹಿಡಿದು ಕನ್ನಡ ಶಾಲೆಗಳನ್ನು ನೆಲೆಗೊಳಿಸಿದ್ದರಿಂದ ಆ ನಷ್ಟ ತುಂಬಿತು. ಅವರ ಋಣ ಈ ಸೀಮೆಯ ಪ್ರತಿಯೊಬ್ಬ ಶಿಕ್ಷಕನ ಮೇಲಿದೆ.

ಹೊಸ ಶಾಲೆ ಕೋದಂಡವನ್ನು ಇಳಿಸಿತು, ಕೇರಿಯ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಕ್ರಮೇಣ ಬಾಗಿಲು ತೆರೆಯಿತು. ಈ ಉಪಕಾರವನ್ನು ಮರೆಯಬಾರದು. ಆದರೆ ಅದು ದಿನವನ್ನು ಗಂಟೆಗಳಾಗಿ ಕತ್ತರಿಸಿತು. ಕವಾಯತು ಒಂದು ತಾಸು, ಚಿತ್ರಕಲೆ ಇನ್ನೊಂದು ತಾಸು, ನೀತಿಪಾಠ ಮತ್ತೊಂದು ತಾಸು ಎಂದಾಯಿತು. ಪರೀಕ್ಷೆಯಿಲ್ಲದ ತಾಸುಗಳು ಬರಬರುತ್ತ ಗಣಿತದ ಪಾಲಾದುವು. ಇದನ್ನು ನನ್ನ ಸೇವಾಕಾಲದಲ್ಲಿ ನಾನೇ ಮಾಡಿದ್ದೇನೆ.

ಒಡೆದುದನ್ನು ಮತ್ತೆ ಬೆಸೆಯುವ ದೊಡ್ಡ ಪ್ರಯತ್ನ ಇದೇ ಮಲಪ್ರಭೆಯ ತೀರದಲ್ಲಿ ನಡೆಯಿತು. ಹಾನಗಲ್ಲ ವಿರಕ್ತಮಠದ ಪೂಜ್ಯ ಶ್ರೀ ಕುಮಾರ ಮಹಾಸ್ವಾಮಿಗಳವರು (೧೮೬೭-೧೯೩೦) ೧೯೦೪ರಲ್ಲಿ ವೀರಶೈವ ಮಹಾಸಭೆಯನ್ನು ಹುಟ್ಟುಹಾಕಿದ ಮೇಲೆ, ೧೯೦೯ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಮಠಗಳಿಗೆ ಯೋಗ್ಯರಾದ ಸ್ವಾಮಿಗಳನ್ನು ಬಾಲ್ಯದಿಂದಲೇ ಸಿದ್ಧಗೊಳಿಸುವುದು ಅದರ ಉದ್ದೇಶ. ಅಲ್ಲಿಗೆ ಬಂದ ಎಳೆಯ ವಟುಗಳಿಗೆ ನಸುಕಿನ ಸ್ನಾನ, ಲಿಂಗಪೂಜೆ, ಆಸನ-ಪ್ರಾಣಾಯಾಮ, ಸಂಸ್ಕೃತ-ಕನ್ನಡಗಳ ಓದು, ಸಂಗೀತ ಇವೆಲ್ಲ ಒಂದೇ ದಿನಚರಿಯ ಅಂಗಗಳಾದುವು. ಗೋಶಾಲೆಯ ಸೇವೆಯೂ ವಿಭೂತಿ ತಯಾರಿಕೆಯೂ ಸಾಧನೆಯೊಳಗೇ ಸೇರಿದುವು. ಸಗಣಿಯನ್ನು ಆರಿಸಿ, ಸುಟ್ಟು, ಸೋಸಿ, ಹದಕ್ಕೆ ತಂದು ಗಟ್ಟಿಯಾಗಿ ಕಟ್ಟುವುದು ಅವಧಾನವಿಲ್ಲದೆ ಆಗದ ಕೆಲಸ. ಶಿವಯೋಗಮಂದಿರದ ವಿಭೂತಿ ನಾಡಿನಲ್ಲೆಲ್ಲ ಪ್ರಸಿದ್ಧವಾದುದು ಬರಿಯ ಸ್ಥಳಮಹಿಮೆಯಿಂದಲ್ಲ, ಮಾಡುವ ಕೈಗಳ ಶಿಸ್ತಿನಿಂದ.

ಕುಮಾರ ಮಹಾಸ್ವಾಮಿಗಳ ದೂರದೃಷ್ಟಿಯ ಇನ್ನೊಂದು ಫಲ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ೧೮೯೨ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಕುರುಡು ಬಾಲಕ ಗದಿಗೆಯ್ಯನ ಕಂಠವನ್ನು ಅವರು ಗುರುತಿಸಿ ಸಂಗೀತಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ಅವರು ಕಟ್ಟಿದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳೂ ಬಡಮಕ್ಕಳೂ ಅನ್ನ, ವಸತಿ, ಸಂಗೀತಗಳನ್ನು ಪಡೆದರು. ಬಸವರಾಜ ರಾಜಗುರುಗಳಂಥ ಗಾಯಕರು ಅವರ ಶಿಷ್ಯರಾದರು. ೧೯೪೪ರಲ್ಲಿ ಅವರು ಲಿಂಗೈಕ್ಯರಾದ ತರುವಾಯ ಅಂಧರೇ ಆದ ಪುಟ್ಟರಾಜ ಗವಾಯಿಗಳು ೨೦೧೦ರವರೆಗೆ ಆ ಪರಂಪರೆಯನ್ನು ಬೆಳೆಸಿದರು. ಕಣ್ಣಿಲ್ಲದ ಮಗುವಿಗೆ ದೃಷ್ಟಿಯೋಗವೆಲ್ಲಿ ಎಂದು ಕೇಳುವವರಿಗೆ ಪುಣ್ಯಾಶ್ರಮವೇ ಉತ್ತರ. ಅಲ್ಲಿ ಅವಧಾನವು ಕಿವಿಗೆ ಇಳಿಯಿತು, ತಂಬೂರಿಯ ಶ್ರುತಿಯೇ ಲಿಂಗವಾಯಿತು. ಸಾಧನ ಬದಲಾಗಬಹುದು, ಎಚ್ಚರ ಬದಲಾಗದು ಎಂಬ ಸತ್ಯವನ್ನು ಆ ಮಕ್ಕಳು ಹಾಡಿ ತೋರಿಸಿದರು.

ಆದರೂ ಶಿವಯೋಗಮಂದಿರದ ಪಾಠಕ್ರಮ ವಟುಗಳಿಗೆ ಮೀಸಲಾಗಿತ್ತು. ಹೆಣ್ಣುಮಕ್ಕಳಿಗಾಗಲಿ ಹೊಲದಲ್ಲಿ ದುಡಿಯುವವರ ಮಕ್ಕಳೆಲ್ಲರಿಗಾಗಲಿ ಅದು ದೊರೆಯುವಂತಿರಲಿಲ್ಲ. ಇದು ಆ ಸಂಸ್ಥೆಯ ದೋಷವಲ್ಲ. ಅದರ ಸ್ಥಾಪನೆಯ ಉದ್ದೇಶವೇ ಬೇರೆ. ಆದರೆ ಹೆಂಗಸರನ್ನೂ ಅಂತ್ಯಜರನ್ನೂ ಅನುಭಾವಕ್ಕೆ ಕರೆದ ಶರಣರ ವಾರಸುದಾರರು ಎನ್ನಿಸಿಕೊಳ್ಳುವ ನಾವು, ಆ ಪಾಠಕ್ರಮದ ತಿರುಳನ್ನು ಸಾಮಾನ್ಯ ಕನ್ನಡ ಶಾಲೆಗೆ ತರುವ ಕೆಲಸವನ್ನು ಬಹುಕಾಲ ಮಾಡಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಅಷ್ಟರಲ್ಲಿ ಹೊರಲೋಕದಲ್ಲಿ ಇವೇ ಸಂಗತಿಗಳು ಬೇರೆ ದಾರಿಯಿಂದ ಬಂದುವು. ಮೈಸೂರರಮನೆಯ ಆಶ್ರಯದಲ್ಲಿ ಯೋಗ ಕಲಿಸುತ್ತಿದ್ದ ತಿರುಮಲೆ ಕೃಷ್ಣಮಾಚಾರ್ಯರು ೧೯೩೬ರಲ್ಲಿ ಶಿಷ್ಯರೊಡನೆ ಉತ್ತರ ಕರ್ನಾಟಕದಲ್ಲಿ ಸಂಚರಿಸಿದರು. ಆಗ ಧಾರವಾಡದಲ್ಲಿ ಹೆಂಗಸರಿಗೆ ಯೋಗ ಕಲಿಸುವ ಕೆಲಸ, ಎಲ್ಲರಿಗಿಂತ ಕಿರಿಯನೆಂಬ ಕಾರಣದಿಂದ, ಕೋಲಾರ ಸೀಮೆಯ ಬೆಳ್ಳೂರಿನ ತರುಣನೊಬ್ಬನ ಪಾಲಿಗೆ ಬಂತು. ಆತನೇ ಬಿ. ಕೆ. ಎಸ್. ಅಯ್ಯಂಗಾರ್. ಮರುವರ್ಷ ಪುಣೆಗೆ ಹೋಗಿ ಅಲ್ಲಿಂದ ಜಗತ್ತಿಗೆಲ್ಲ ಯೋಗಾಚಾರ್ಯರಾದ ಅವರ ದೊಡ್ಡ ಕಾಣಿಕೆಯೆಂದರೆ, ಹಲಗೆ, ಹಗ್ಗ, ಕುರ್ಚಿಗಳ ಆಸರೆಯಿಂದ ಅಶಕ್ತರಿಗೂ ಆಸನ ಸಾಧ್ಯವಾಗುವಂತೆ ಮಾಡಿದ್ದು. ಇತ್ತ ಅಮೇರಿಕೆಯ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ನರು ೧೯೭೯ರಲ್ಲಿ ಬೌದ್ಧಸಾಧನೆಯ ಸ್ಮೃತಿಯನ್ನು ರೋಗಿಗಳ ಉಪಶಮನಕ್ಕಾಗಿ ಬಳಸತೊಡಗಿದರು. ಅದು ಕ್ರಮೇಣ ಶಾಲೆಗಳಿಗೂ ಹಬ್ಬಿತು.

ಇದರ ಫಲವನ್ನು ಪಶ್ಚಿಮದವರೇ ಪರೀಕ್ಷಿಸಿದ್ದಾರೆ. ಇಂಗ್ಲೆಂಡು ಮೊದಲಾದೆಡೆ ೮೫ ಶಾಲೆಗಳ ೮ ಸಾವಿರಕ್ಕೂ ಮಿಕ್ಕ ಮಕ್ಕಳಲ್ಲಿ ನಡೆಸಿದ ಒಂದು ದೊಡ್ಡ ಪ್ರಯೋಗದ ವರದಿ ೨೦೨೨ರಲ್ಲಿ ಪ್ರಕಟವಾಯಿತು. ಎಲ್ಲ ಮಕ್ಕಳಿಗೂ ಪಾಠರೂಪದಲ್ಲಿ ಕಲಿಸಿದ ಮನೋಜಾಗೃತಿಯು ರೂಢಿಯ ಶಿಕ್ಷಣಕ್ಕಿಂತ ಹೆಚ್ಚಿನ ಪ್ರಯೋಜನ ಕೊಡಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅದನ್ನು ಅಭ್ಯಾಸ ಮಾಡಲೇ ಇಲ್ಲ. ಹತ್ತರೊಡನೆ ಹನ್ನೊಂದನೆಯ ತಾಸಾಗಿ ಸೇರಿಸಿದ ಎಚ್ಚರ ಎಚ್ಚರವಾಗಲಿಲ್ಲವೆಂದು ನಾನು ಇದನ್ನು ಅರ್ಥೈಸುತ್ತೇನೆ. ಮಗುವಿನ ಕೈಗೆ ಕೆಲಸವಿಲ್ಲದೆ ಚಿತ್ತಕ್ಕೆ ಮಾತ್ರ ಉಪದೇಶ ಕೊಟ್ಟರೆ ಅದು ನಿಲ್ಲುವುದಾದರೂ ಎಲ್ಲಿ? ಕಲೆಯ ಅಗತ್ಯ ಇಲ್ಲಿಯೇ ಇದೆ.

ನಮ್ಮಲ್ಲಿಯೂ ಯೋಗ ಮತ್ತು ಕಲೆಗಳನ್ನು ಹತ್ತನೆಯ ತರಗತಿಯವರೆಗೆ ಎಲ್ಲ ಮಕ್ಕಳಿಗೂ ಕಲಿಸಬೇಕೆಂದು ೨೦೦೫ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಸೂಚಿಸಿತು. ೨೦೧೫ರಿಂದ ಜೂನ್ ೨೧ ಅಂತಾರಾಷ್ಟ್ರೀಯ ಯೋಗದಿನವಾಗಿದೆ. ಒಳ್ಳೆಯದೇ ಆಯಿತು. ಆದರೆ ಅಂಥದೊಂದು ದಿನದ ನೆನಪು ನನ್ನನ್ನು ಇಂದಿಗೂ ಕಾಡುತ್ತದೆ. ನಾನು ಕೆಲಸ ಮಾಡುತ್ತಿದ್ದ ಹಳ್ಳಿಯ ಶಾಲೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತಾಲೀಮು ನಡೆಸಿದ್ದೆ. ಹುಟ್ಟಿನಿಂದಲೇ ಒಂದು ಕಾಲು ಸೊಟ್ಟಗಿದ್ದ ಬಾಲಕನಿಂದ ಸಾಲು ಕೆಡುತ್ತಿತ್ತು. ಗಣ್ಯರು ಬರುವವರಿದ್ದರು. "ನೀ ಬ್ಯಾಡೋ ತಮ್ಮಾ, ಬೇವಿನ ಗಿಡದ ಬುಡಕ ಕೂತು ಎಲ್ಲಾರ ಚಪ್ಪಲಿ ನೋಡಿಕೋ" ಎಂದೆ. ಅವನು "ಹೂಂನ್ರಿ ಸರ್" ಎಂದು ಹೋಗಿ ಕುಳಿತ. ಸಮಾರಂಭ ಮುಗಿದ ಮೇಲೆ ಆ ಗಿಡದ ಹತ್ತಿರ ಹೋದಾಗ ಕಂಡುದು ಇದು: ಕಡ್ಡಿಯಿಂದ ಮಣ್ಣಿನಲ್ಲಿ ಅವನು ನಾಲ್ಕು ಸಾಲು ಮಕ್ಕಳನ್ನು ಬರೆದಿದ್ದ. ಯಾರ ಮಂಡಿ ಬಾಗಿತ್ತು, ಯಾರ ಕೈ ತಪ್ಪಿತ್ತು ಎಂಬುದೆಲ್ಲ ಆ ಗೀಟುಗಳಲ್ಲಿತ್ತು. ಆ ದಿನ ಆ ಬಯಲಿನಲ್ಲಿ ನಿಜವಾದ ಅವಧಾನದಲ್ಲಿದ್ದವನು ನಾನು ಹೊರಗೆ ಕೂಡಿಸಿದ ಆ ಹುಡುಗನೊಬ್ಬನೇ. ಗೋರಕ್ಷನ ಪ್ರಸಂಗವನ್ನು ಹತ್ತಾರು ಸಲ ಪಾಠ ಹೇಳಿದವನಿಗೆ ಅದರ ಅರ್ಥ ತಿಳಿದುದು ಅಂದು. ಮೈಯ ಮೆರವಣಿಗೆಯನ್ನು ಯೋಗವೆಂದು ನಾನೂ ಭ್ರಮಿಸಿದ್ದೆ.

ಮರುವಾರದಿಂದ ತರಗತಿಯನ್ನು ಬೇರೆ ರೀತಿಯಾಗಿ ನಡೆಸಿದೆ. ಮೊದಲು ಹತ್ತು ನಿಮಿಷ ಅವರವರ ಮೈಗೆ ಒಗ್ಗುವಷ್ಟೇ ಆಸನ. ನಿಲ್ಲಲಾರದವನು ಗೋಡೆಗೆ ಆನಬಹುದು, ಕುಳಿತೇ ಕೈ ಎತ್ತಬಹುದು. ತರುವಾಯ ಮೂರು-ನಾಲ್ಕು ನಿಮಿಷ ಉಸಿರನ್ನು ಗಮನಿಸುವುದು, ಹೊರಗಿನ ಸದ್ದುಗಳನ್ನು ಎಣಿಸುವುದು. ಆಮೇಲೆ ಅಂಗೈಯಲ್ಲಿ ಒಂದು ವಸ್ತು: ಬೇವಿನ ಎಲೆ, ಹತ್ತಿಯ ಕಾಯಿ, ಹೊಳೆಯ ಕಲ್ಲು, ಯಾವುದಾದರೂ ಸರಿ. ಅದನ್ನು ಮಾತಿಲ್ಲದೆ ನೋಡುವುದು. ಕಡೆಗೆ ನೋಡಿದುದನ್ನು ಮಣ್ಣಿನಲ್ಲಾಗಲಿ ಬಣ್ಣದಲ್ಲಾಗಲಿ ಮಾಡುವುದು. ಬಹುಮಾನವಿಲ್ಲ, ಮೊದಲನೆಯವನಿಲ್ಲ. ಅಂಗೈಯ ಮೇಲೆ ಏನಿರಬೇಕೆಂಬುದನ್ನು ಮಗುವಿನ ಮನೆಯ ಆಚಾರಕ್ಕೆ ಬಿಟ್ಟಿದ್ದೆ. ಎಲ್ಲ ಮತಗಳ ಮಕ್ಕಳು ಕೂಡುವ ಶಾಲೆಯಲ್ಲಿ ಲಿಂಗವನ್ನು ಕಡ್ಡಾಯ ಮಾಡುವುದು ಶರಣರಿಗೆ ಒಪ್ಪಿಗೆಯಾಗುತ್ತಿರಲಿಲ್ಲವೆಂಬುದು ನನ್ನ ನಂಬಿಕೆ. ಅನುಗ್ರಹವು ಬೇಡಿದವನಿಗೆ ಸಲ್ಲತಕ್ಕದ್ದು. ಅವಧಾನವಾದರೋ ಎಲ್ಲ ಮಕ್ಕಳ ಹಕ್ಕು.

ಈ ಪಾಠ ತರಗತಿಯಲ್ಲಿಯೇ ಮುಗಿಯಬೇಕಾಗಿಲ್ಲ. ನಮ್ಮ ಸರಕಾರ ೨೦೦೨ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭಿಸಿ ಮರುವರ್ಷ ಉಳಿದ ಜಿಲ್ಲೆಗಳಿಗೆ ವಿಸ್ತರಿಸಿದ ಶಾಲೆಯ ಮಧ್ಯಾಹ್ನದೂಟಕ್ಕೆ 'ಅಕ್ಷರ ದಾಸೋಹ' ಎಂಬ ಶರಣರ ಮಾತನ್ನೇ ಹೆಸರಾಗಿಟ್ಟಿದೆ. ಹೆಸರಿಗೆ ತಕ್ಕ ಹಾಗೆ ಮಕ್ಕಳು ಪಂಕ್ತಿಯಲ್ಲಿ ಕುಳಿತು, ಮೊದಲ ತುತ್ತನ್ನು ಮಾತಿಲ್ಲದೆ ಸವಿದು, ಅಗುಳು ಚೆಲ್ಲದೆ ಉಂಡರೆ ಪ್ರಸಾದಿಸ್ಥಲದ ಮೊದಲ ಮೆಟ್ಟಿಲು ಅಲ್ಲಿಯೇ ಇದೆ. ಅದಕ್ಕೆ ಬೇರೆ ತಾಸೂ ಬೇಡ, ಬೇರೆ ಖರ್ಚೂ ಬೇಡ.

ಒಟ್ಟಿನಲ್ಲಿ, ಯೋಗ-ಧ್ಯಾನ-ಕಲೆಗಳ ಕೂಟ ನಮ್ಮ ಸೀಮೆಗೆ ಹೊಸದಲ್ಲ. ಆದರೆ ಅದು ಎಲ್ಲ ಮಕ್ಕಳಿಗೂ ದೊರೆತುದು ನಮ್ಮ ಹಳೆಯ ಕಾಲದಲ್ಲಿಯೂ ಅಲ್ಲ. ಮಠವು ಅದನ್ನು ಕಾಪಾಡಿತು, ಹೊಸ ಶಾಲೆ ಬಾಗಿಲು ತೆರೆಯಿತು. ಮಠ ಕಾಪಾಡಿದುದನ್ನು ಶಾಲೆ ತೆರೆದ ಬಾಗಿಲಿನಿಂದ ಒಳಗೆ ತರುವುದು ಇಂದಿನ ಶಿಕ್ಷಕನ ಕಾಯಕ. ಹಾಗೆ ತರುವಾಗ ಬೇವಿನ ಗಿಡದ ಬುಡದಲ್ಲಿ ಯಾವ ಮಗುವನ್ನಾದರೂ ಕೂಡಿಸಿ ಬಂದಿದ್ದೇವೆಯೇ ಎಂದು ಒಮ್ಮೆ ಹಿಂತಿರುಗಿ ನೋಡಿಕೊಳ್ಳುವುದು ಅವನ ಮೊದಲ ಅವಧಾನವಾಗಲಿ.